ವರ್ಡ್ ಮುಚ್ಚಿದಾಗೆಲ್ಲಾ "ನಾರ್ಮಲ್ ಟೆಂಪ್ಲೇಟ್ ಸೇವ್ ಮಾಡ್ಲಾ" ಅಂತ ಕೇಳ್ತಾನೇ ಇದ್ರೆ ಏನ್ ನೋಡ್ಬೇಕು

ಪತ್ರ ಟೈಪ್ ಮಾಡಿ, ಸೇವ್ ಮಾಡಿ, ಪ್ರಿಂಟೂ ತೆಗೆದು ಇನ್ನೇನು ವರ್ಡ್ ಮುಚ್ಬೇಕು ಅನ್ನೋವಾಗ ಒಂದು ಬಾಕ್ಸ್ ಬರುತ್ತೆ. ಗ್ಲೋಬಲ್ ಟೆಂಪ್ಲೇಟ್ ನಾರ್ಮಲ್.ಡಾಟ್‌ಎಂ ಅನ್ನೋದ್ರಲ್ಲಿ ಏನೋ ಬದಲಾಗಿದೆ, ಸೇವ್ ಮಾಡ್ಲಾ ಅಂತ ಇಂಗ್ಲಿಷಲ್ಲಿ ಕೇಳುತ್ತೆ. ನಾವು ಯಾವ ಟೆಂಪ್ಲೇಟನ್ನೂ ಮುಟ್ಟಿರಲ್ಲ. ಯೆಸ್ ಅಂದ್ರೆ ನಾಳೆ ಮತ್ತೆ ಕೇಳುತ್ತೆ, ನೋ ಅಂದ್ರೂ ಕೇಳುತ್ತೆ.

ನಾರ್ಮಲ್.ಡಾಟ್‌ಎಂ ಅಂದ್ರೆ ವರ್ಡ್ ಪ್ರತಿ ಸಲ ತೆಗೆದಾಗ್ಲೂ ಮೊದ್ಲು ಓದ್ಕೊಳ್ಳೋ ಫೈಲು. ಖಾಲಿ ಹೊಸ ಪುಟಕ್ಕೆ ಯಾವ ಫಾಂಟು, ಎಷ್ಟು ಮಾರ್ಜಿನ್ನು, ಯಾವ ಸ್ಟೈಲು ಅನ್ನೋದು, ನೀವು ಮಾಡ್ಕೊಂಡಿರೋ ಆಟೋಟೆಕ್ಸ್ಟು (ಚಿಕ್ಕ ಹೆಸರು ಹೊಡೆದ್ರೆ ಪೂರ್ತಿ ಬರೋ ಹಾಗೆ ಕೂಡಿಟ್ಟ ಸಾಲುಗಳು), ಕೀಬೋರ್ಡ್ ಶಾರ್ಟ್‌ಕಟ್ಟು, ರೆಕಾರ್ಡ್ ಮಾಡಿದ ಮ್ಯಾಕ್ರೋ (ಕೆಲ್ಸನ ತಾನಾಗೇ ಮಾಡೋ ಪುಟ್ಟ ಪ್ರೋಗ್ರಾಮು) ಎಲ್ಲಾ ಅದ್ರೊಳಗೇ ಇರುತ್ತೆ. ವರ್ಡ್ 2003ರ ತನಕ ಅದರ ಹೆಸರು ನಾರ್ಮಲ್.ಡಾಟ್ ಅಂತಿತ್ತು, 2007ರಿಂದ ಕೊನೇಲಿ ಒಂದು ಎಂ ಸೇರ್ಕೊಂಡಿದೆ, ಮ್ಯಾಕ್ರೋ ಇರಬಹುದಾದ ಫೈಲು ಅನ್ನೋ ಗುರುತಿಗೆ.

ನೆಟ್ಟಲ್ಲಿ ಹುಡುಕಿದ್ರೆ ಎಲ್ರೂ ಹೇಳೋದು ಒಂದೇ, ಆಪ್ಷನ್ಸಲ್ಲಿ ಒಂದು ಟಿಕ್ ತೆಗೀರಿ ನಿಂತೋಗುತ್ತೆ ಅಂತ. ನಿಲ್ಲೋದೇನೋ ನಿಲ್ಲುತ್ತೆ, ಆದ್ರೆ ನಿಲ್ಲೋದು ಕೇಳೋದು ಮಾತ್ರ. ಫೈಲನ್ನ ಯಾರು ಬದಲಾಯಿಸ್ತಿದ್ರೋ ಅವ್ರು ಬದಲಾಯಿಸ್ತಾನೇ ಇರ್ತಾರೆ, ಇನ್ಮೇಲೆ ನಿಮಗೆ ಗೊತ್ತಾಗಲ್ಲ ಅಷ್ಟೇ. ಅದಕ್ಕೇ ಮೊದ್ಲು ಯಾರು ಅಂತ ಪತ್ತೆ ಮಾಡಿ, ಟಿಕ್ಕಿನ ವಿಷ್ಯ ಆಮೇಲೆ ನೋಡ್ಕೊಳ್ಳೋಣ.

ಪತ್ತೆ ಆಗೋ ತನಕ ಬಾಕ್ಸ್ ಬಂದ್ರೆ ಏನ್ ಒತ್ತೋದು? ಬೇಕು ಅಂತ ಏನೂ ಬದಲಾಯಿಸಿಲ್ಲ ಅಂದ್ರೆ ನೋ ಅಥವಾ ಡೋಂಟ್ ಸೇವ್ ಒತ್ತಿ. ನಿಮ್ಮ ಪತ್ರ ಬೇರೆ ಫೈಲು, ಅದನ್ನ ಮೊದಲೇ ಸೇವ್ ಮಾಡಿದ್ರೆ ಅದಕ್ಕೇನೂ ಆಗಲ್ಲ.

ಬಾಕ್ಸ್ ಬರುತ್ತೆ, ಆದ್ರೆ ಯಾವುದರ ಬಗ್ಗೆ ಅಂತ ನೋಡಿಲ್ಲ

ಒಂದೇ ಥರ ಕಾಣೋ ಬಾಕ್ಸು ಮೂರಿದೆ, ಹೆಸರು ಓದ್ದೆ ರಿಪೇರಿಗೆ ಇಳಿಬೇಡಿ. ಬಾಕ್ಸಲ್ಲಿ ನಿಮ್ಮ ಫೈಲಿನ ಹೆಸರೋ ಡಾಕ್ಯುಮೆಂಟ್1 ಅಂತಲೋ ಇದ್ರೆ ಅದು ನಿಮ್ಮ ಕಡತದ್ದೇ. ತಾರೀಕು ತಾನಾಗಿ ಬದಲಾಗೋ ಫೀಲ್ಡ್ ಹಾಕಿದ್ರೆ, ಪ್ರಿಂಟ್ ಕೊಡೋವಾಗ ಫೀಲ್ಡುಗಳು ಅಪ್‌ಡೇಟ್ ಆದ್ರೆ, ಒಂದಕ್ಷರ ಮುಟ್ಟದೇ ಇದ್ರೂ ಕೇಳುತ್ತೆ, ಅದು ದೋಷ ಅಲ್ಲ. ಬಿಲ್ಡಿಂಗ್ ಬ್ಲಾಕ್ಸ್ ಅಂತ ಇದ್ರೆ ಅದು ಹೆಡರು, ಕವರ್ ಪೇಜು, ಕ್ವಿಕ್ ಪಾರ್ಟ್ಸ್ ಇಡೋ ಇನ್ನೊಂದು ಫೈಲು, ನೀವೇ ಏನಾದ್ರೂ ಸೇರಿಸಿದ್ರೆ ಯೆಸ್ ಅನ್ನಿ ಮುಗೀತು. ನಾರ್ಮಲ್ ಅಂತ ಹೆಸರಿದ್ರೆ ಮಾತ್ರ ಮುಂದೆ ಓದಿ.

ಫಾಂಟೋ ಮಾರ್ಜಿನ್ನೋ ಬದಲಾಯಿಸಿದ ದಿನ ಮಾತ್ರ ಕೇಳುತ್ತೆ

ಇದು ಸುಲಭದ್ದು, ಬದಲಾಯಿಸಿದ್ದು ನೀವೇ. ಫಾಂಟ್ ಬಾಕ್ಸಲ್ಲಿ ಸೆಟ್ ಆ್ಯಸ್ ಡೀಫಾಲ್ಟ್ ಒತ್ತಿ, ನಾರ್ಮಲ್ ಟೆಂಪ್ಲೇಟ್ ಆಧಾರದ ಎಲ್ಲಾ ಡಾಕ್ಯುಮೆಂಟಿಗೂ ಅನ್ನೋದನ್ನ ಆರಿಸಿದ್ರೆ ಅದು ಹೋಗಿ ಕೂರೋದು ನಾರ್ಮಲ್ಲಲ್ಲೇ. ಪೇಜ್ ಸೆಟಪ್ಪಲ್ಲಿ ಡೀಫಾಲ್ಟ್ ಮಾಡಿದ್ರೂ ಅಷ್ಟೇ, ಶಾರ್ಟ್‌ಕಟ್ ಕೀ ಕೊಟ್ರೂ ಅಷ್ಟೇ, ಮ್ಯಾಕ್ರೋ ರೆಕಾರ್ಡ್ ಮಾಡೋವಾಗ ಆಲ್ ಡಾಕ್ಯುಮೆಂಟ್ಸ್ ಅಂತ ಬಿಟ್ರೂ ಅಷ್ಟೇ. ಇಂಥಾ ದಿನ ಯೆಸ್ ಒತ್ತಿ, ನಾಳೆ ಕೇಳ್ಬಾರ್ದು.

ಕನ್ನಡದಲ್ಲಿ ಟೈಪ್ ಮಾಡೋರು ಇಲ್ಲಿ ಎಡವೋ ಜಾಗ ಒಂದಿದೆ. ಫಾಂಟ್ ಬಾಕ್ಸಲ್ಲಿ ಲ್ಯಾಟಿನ್ ಟೆಕ್ಸ್ಟ್‌ಗೆ ಒಂದು ಜಾಗ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್‌ಗೆ ಇನ್ನೊಂದು ಜಾಗ ಅಂತ ಬೇರೆ ಬೇರೆ ಇರುತ್ತೆ, ಯೂನಿಕೋಡ್ ಕನ್ನಡ ಫಾಂಟ್ ತಗೊಳ್ಳೋದು ಎರಡನೇದ್ರಿಂದ. ಎಷ್ಟೋ ಜನ ಮೇಲಿನದ್ರಲ್ಲಿ ಕನ್ನಡ ಫಾಂಟ್ ಆರಿಸಿ ಡೀಫಾಲ್ಟ್ ಮಾಡ್ತಾರೆ, ಮಾರನೇ ದಿನ ನೋಡಿದ್ರೆ ಅಕ್ಷರ ಹಳೇ ತುಂಗಾದಲ್ಲೇ ಬರ್ತಿರುತ್ತೆ, ಸರಿ ಅಂತ ಮತ್ತೆ ಡೀಫಾಲ್ಟ್ ಮಾಡ್ತಾರೆ, ನಾರ್ಮಲ್ ಮತ್ತೆ ಬದಲಾಗುತ್ತೆ, ಬಾಕ್ಸ್ ಮತ್ತೆ ಬರುತ್ತೆ, ದಿನಾ ಇದೇ ಆದ್ರೆ ವರ್ಡ್ ಕೆಟ್ಟಿದೆ ಅನ್ಸೋದು ಸಹಜ. ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಜಾಗದಲ್ಲಿ ಆರಿಸಿ ಒಂದು ಸಲ ಡೀಫಾಲ್ಟ್ ಮಾಡಿದ್ರೆ ಸಾಕು. ಆ ಜಾಗನೇ ಕಾಣ್ತಿಲ್ಲ ಅಂದ್ರೆ ಆಫೀಸಿನ ಲ್ಯಾಂಗ್ವೇಜ್ ಸೆಟ್ಟಿಂಗಲ್ಲಿ ಕನ್ನಡನ ಎಡಿಟಿಂಗ್ ಭಾಷೆಯಾಗಿ ಸೇರಿಸಿ. ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡೋರಿಗೆ ಇದು ಉಲ್ಟಾ, ಅದು ವರ್ಡಿನ ಕಣ್ಣಿಗೆ ಇಂಗ್ಲಿಷ್ ಅಕ್ಷರನೇ, ಆದ್ದರಿಂದ ಲ್ಯಾಟಿನ್ ಜಾಗದಲ್ಲೇ ಕೊಡ್ಬೇಕು.

ಇನ್ನೊಂದು, ಮಾಡಿಫೈ ಸ್ಟೈಲ್ ಬಾಕ್ಸಿನ ಕೆಳಗೆ ನ್ಯೂ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದಿಸ್ ಟೆಂಪ್ಲೇಟ್ ಅಂತ ಇರುತ್ತೆ. ಒಂದು ಪತ್ರಕ್ಕೆ ಮಾತ್ರ ಬೇಕಾದ ಸ್ಟೈಲನ್ನ ಅದನ್ನ ಆರಿಸಿ ಬದಲಾಯಿಸಿದ್ರೆ ಆ ಬದಲಾವಣೆ ಟೆಂಪ್ಲೇಟಿಗೂ ಹೋಗುತ್ತೆ. ಓನ್ಲಿ ಇನ್ ದಿಸ್ ಡಾಕ್ಯುಮೆಂಟ್‌ಗೆ ತನ್ನಿ.

ಸುಮ್ನೆ ತೆಗೆದು ಸುಮ್ನೆ ಮುಚ್ಚಿದ್ರೂ ಕೇಳುತ್ತೆ

ಹೆಚ್ಚಿನವರ ಕಥೆ ಇದೇ. ವರ್ಡ್ ತೆಗೀರಿ, ಏನೂ ಟೈಪ್ ಮಾಡ್ಬೇಡಿ, ಮುಚ್ಚಿ. ಬಾಕ್ಸ್ ಬಂತು ಅಂದ್ರೆ ವರ್ಡ್ ಶುರು ಆಗೋವಾಗ್ಲೇ ಯಾವುದೋ ಆ್ಯಡ್-ಇನ್ನೋ (ಬೇರೆ ಸಾಫ್ಟ್‌ವೇರ್ ವರ್ಡಿಗೆ ಅಂಟಿಸಿರೋ ತುಣುಕು) ಮ್ಯಾಕ್ರೋನೋ ನಾರ್ಮಲ್ಲನ್ನ ಮುಟ್ಟಿದೆ ಅಂತ.

ಇದು ಹೇಗಾಗುತ್ತೆ ಅಂತ ಗೊತ್ತಿದ್ರೆ ಹುಡುಕೋದು ಸುಲಭ. ಪಿಡಿಎಫ್ ಮಾಡೋದು, ಸ್ಕ್ಯಾನರಿಂದ ತರೋದು, ಬ್ಲೂಟೂತಲ್ಲಿ ಕಳಿಸೋದು, ಅನುವಾದ, ರೆಫರೆನ್ಸ್ ಜೋಡಿಸೋದು, ಇಂಥಾ ಸಾಫ್ಟ್‌ವೇರ್‌ಗಳು ಇನ್‌ಸ್ಟಾಲ್ ಆಗೋವಾಗ ವರ್ಡಲ್ಲಿ ತಮ್ದೂ ಒಂದು ಬಟನ್ ಇಡ್ತವೆ. ಹಳೇ ಶೈಲೀಲಿ ಬರೆದ ಆ್ಯಡ್-ಇನ್ನು ವರ್ಡ್ ಶುರುವಾದಾಗ ಒಂದು ಟೂಲ್‌ಬಾರ್ ಸೇರಿಸುತ್ತೆ, ಅದನ್ನ ಎಲ್ಲಿ ಇಡ್ಬೇಕು ಅಂತ ಬರೆದವರು ಹೇಳಿಲ್ಲ ಅಂದ್ರೆ ವರ್ಡು ನಾರ್ಮಲ್ಲಲ್ಲೇ ಇಡುತ್ತೆ, ಅಲ್ಲಿಗೆ ಫೈಲ್ ಬದಲಾಯ್ತು ಅಂತ ಲೆಕ್ಕ. ಮುಚ್ಚೋವಾಗ ಆ ಟೂಲ್‌ಬಾರ್ ತೆಗೆದ್ರೆ ಅದೂ ಒಂದು ಬದಲಾವಣೆ. ಹಾಗಾಗಿ ಯೆಸ್ ಒತ್ತಿದ್ರೂ ನೋ ಒತ್ತಿದ್ರೂ ನಾಳೆ ಮತ್ತೆ ಅದೇ ಪೂಜೆ.

ಊಹೆ ಬೇಡ, ವರ್ಡನ್ನೇ ಕೇಳ್ಬಹುದು. ವರ್ಡ್ ತೆಗೆದ ತಕ್ಷಣ ಆಲ್ಟ್ ಜೊತೆ ಎಫ್11 ಒತ್ತಿದ್ರೆ ಮ್ಯಾಕ್ರೋ ಬರೆಯೋ ಕಿಟಕಿ ಬರುತ್ತೆ, ಅಲ್ಲಿ ಕಂಟ್ರೋಲ್ ಜೊತೆ ಜಿ ಒತ್ತಿದ್ರೆ ಕೆಳಗೆ ಇಮಿಡಿಯೇಟ್ ಅಂತ ಖಾಲಿ ಜಾಗ ಕಾಣುತ್ತೆ. ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಒಂದು ಸ್ಪೇಸು, ಆಮೇಲೆ ನಾರ್ಮಲ್‌ಟೆಂಪ್ಲೇಟ್ ಅಂತ ಒಂದೇ ಪದ, ಚುಕ್ಕಿ, ಸೇವ್ಡ್, ಇದನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಟ್ರೂ ಅಂತ ಬಂದ್ರೆ ಇನ್ನೂ ಯಾರೂ ಮುಟ್ಟಿಲ್ಲ, ಫಾಲ್ಸ್ ಅಂತ ಬಂದ್ರೆ ಆಗ್ಲೇ ಮುಟ್ಟಾಗಿದೆ. ಶುರುವಲ್ಲಿ ಟ್ರೂ ಇದ್ದು ಆಮೇಲೆ ಫಾಲ್ಸ್ ಆದ್ರೆ ಇನ್ನೂ ಒಳ್ಳೇದು, ಒಂದು ಫೈಲ್ ತೆಗೀರಿ, ಕೇಳಿ, ಪ್ರಿಂಟ್ ಕೊಡಿ, ಕೇಳಿ, ಪಿಡಿಎಫ್ ಮಾಡಿ, ಕೇಳಿ. ಯಾವ ಕೆಲ್ಸದ ಮೇಲೆ ಟ್ರೂ ಹೋಗಿ ಫಾಲ್ಸ್ ಬಂತೋ ಅಲ್ಲಿದೆ ತೊಂದ್ರೆ. ಇದ್ರಿಂದ ಏನೂ ಕೆಡಲ್ಲ, ಬರೀ ಕೇಳೋದು.

ಫಾಲ್ಸ್ ಅಂತ ಖಚಿತ ಆದ್ಮೇಲೆ ಆ್ಯಡ್-ಇನ್ ತೆಗೆದು ನೋಡೋದು. ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್‌ಗೆ ಹೋಗಿ, ಕೆಳಗೆ ಮ್ಯಾನೇಜ್ ಅಂತ ಇರೋ ಕಡೆ ಕಾಮ್ ಆ್ಯಡ್-ಇನ್ಸ್ ಆರಿಸಿ ಗೋ ಒತ್ತಿ. ಪಟ್ಟಿಯ ಒಂದು ಫೋಟೋ ತೆಗೆದಿಟ್ಕೊಳ್ಳಿ, ಯಾವುದಕ್ಕೆ ಟಿಕ್ ಇತ್ತು ಅನ್ನೋದು ಆಮೇಲೆ ಮರ್ತೋಗುತ್ತೆ. ಅರ್ಧ ಟಿಕ್ ತೆಗೀರಿ, ವರ್ಡ್ ಮುಚ್ಚಿ ತೆಗೀರಿ, ಮತ್ತೆ ಕೇಳಿ ನೋಡಿ. ಟ್ರೂ ಬಂದ್ರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ, ಇಲ್ಲಾಂದ್ರೆ ಉಳಿದ ಅರ್ಧದಲ್ಲಿ. ಒಂದೊಂದೇ ತೆಗೆಯೋದಕ್ಕಿಂತ ಹೀಗೆ ಬೇಗ ಸಿಗುತ್ತೆ. ಕೆಲವಕ್ಕೆ ಟಿಕ್ ತೆಗೆಯೋಕೆ ಬಿಡಲ್ಲ, ಇಡೀ ಕಂಪ್ಯೂಟರಿಗೆ ಹಾಕಿರೋ ಆ್ಯಡ್-ಇನ್ ಅದು, ಅದಕ್ಕೆ ವರ್ಡನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೀಬೇಕು.

ಕಾಮ್ ಪಟ್ಟೀಲಿ ಸಿಗ್ಲಿಲ್ಲ ಅಂದ್ರೆ ಸ್ಟಾರ್ಟಪ್ ಫೋಲ್ಡರ್ ನೋಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, %ಆ್ಯಪ್‌ಡೇಟಾ%\ಮೈಕ್ರೋಸಾಫ್ಟ್\ವರ್ಡ್\ಸ್ಟಾರ್ಟಪ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ಇಲ್ಲಿರೋ ಟೆಂಪ್ಲೇಟೆಲ್ಲಾ ವರ್ಡಿನ ಜೊತೆ ತಾನಾಗೇ ಲೋಡ್ ಆಗ್ತವೆ. ಆಫೀಸ್ ಇನ್‌ಸ್ಟಾಲ್ ಆಗಿರೋ ಪ್ರೋಗ್ರಾಂ ಫೈಲ್ಸ್ ಒಳಗೂ ಇದೇ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತೆ, ಜನ ಅದನ್ನ ಮರೀತಾರೆ. ವರ್ಡ್ ಮುಚ್ಚಿ, ಅಲ್ಲಿರೋ ಫೈಲನ್ನ ಅಳಿಸ್ದೆ ಡೆಸ್ಕ್‌ಟಾಪಿಗೆ ಸರಿಸಿ ನೋಡಿ.

ಸೇಫ್ ಮೋಡ್ ಬಗ್ಗೆ ಒಂದ್ಮಾತು. ಕಂಟ್ರೋಲ್ ಒತ್ತಿ ಹಿಡ್ಕೊಂಡು ವರ್ಡ್ ತೆಗೆದ್ರೆ ಆ್ಯಡ್-ಇನ್ ಇಲ್ದೆ ತೆರೆಯುತ್ತೆ. ಬಾಕ್ಸ್ ಬರ್ಲಿಲ್ಲ, ಹಾಗಾದ್ರೆ ಆ್ಯಡ್-ಇನ್ನೇ ಕಾರಣ ಅಂತ ಎಲ್ರೂ ತೀರ್ಪು ಕೊಡ್ತಾರೆ. ಸೇಫ್ ಮೋಡಲ್ಲಿ ಟೆಂಪ್ಲೇಟ್ ಸೇವ್ ಮಾಡೋಕೇ ಬಿಡಲ್ಲ, ಹಾಗಾಗಿ ಅಲ್ಲಿ ಬಾಕ್ಸ್ ಬರದೇ ಇದ್ದಿದ್ದು ಸಾಕ್ಷಿ ಆಗಲ್ಲ. ವರ್ಡ್ ತೆರೆಯೋದೇ ಇಲ್ಲ, ಕ್ರ್ಯಾಶ್ ಆಗುತ್ತೆ ಅನ್ನೋವಾಗ ಸೇಫ್ ಮೋಡ್ ಒಳ್ಳೇದು, ಈ ತೊಂದ್ರೆಗೆ ನಾನು ಅದನ್ನ ನಂಬಲ್ಲ.

ಯೆಸ್ ಒತ್ತಿದ್ರೂ ಸೇವ್ ಆಗಲ್ಲ, ಬೇರೆ ಕಡೆ ತೆರೆದಿದೆ ಅನ್ನುತ್ತೆ

ಇಲ್ಲಿ ರೋಗ ಬೇರೆ. ವರ್ಡಿಗೆ ನಾರ್ಮಲ್ಲಿನ ಮೇಲೆ ಬರೆಯೋಕೆ ಆಗ್ತಿಲ್ಲ, ಅದಕ್ಕೇ ಈ ನಾರ್ಮಲ್ಲನ್ನ ರೀಪ್ಲೇಸ್ ಮಾಡ್ಲಾ, ಬೇರೆ ಹೆಸರಲ್ಲಿ ಸೇವ್ ಮಾಡ್ಲಾ ಅಂತೆಲ್ಲಾ ಕೇಳುತ್ತೆ. ಬೇರೆ ಹೆಸರು ಕೊಟ್ಟು ಹೊಸ ನಾರ್ಮಲ್ ಹುಟ್ಟಿಸ್ಬೇಡಿ, ಕ್ಯಾನ್ಸಲ್ ಮಾಡಿ.

ಎಲ್ಲಾ ವರ್ಡ್ ಕಿಟಕಿ ಮುಚ್ಚಿ, ಕ್ಲಾಸಿಕ್ ಔಟ್‌ಲುಕ್ ಇದ್ರೆ ಅದನ್ನೂ ಮುಚ್ಚಿ, ಮೇಲ್ ಬರೆಯೋಕೆ ಅದು ಬಳಸೋದು ವರ್ಡನ್ನೇ. ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಲ್ಲಿ ನೋಡಿ, ಒಂದೂ ಕಿಟಕಿ ಕಾಣದೇ ಇದ್ರೂ ವರ್ಡ್ ಹಿಂದೆ ಓಡ್ತಾ ಇರಬಹುದು. ಎಂಡ್ ಟಾಸ್ಕ್ ಕೊಡೋ ಮುಂಚೆ ಸೇವ್ ಆಗದ ಕಡತ ಯಾವುದೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಅದು ಏನನ್ನೂ ಕೇಳ್ದೆ ಕೊಲ್ಲುತ್ತೆ.

ಆಮೇಲೆ %ಆ್ಯಪ್‌ಡೇಟಾ%\ಮೈಕ್ರೋಸಾಫ್ಟ್\ಟೆಂಪ್ಲೇಟ್ಸ್ ಫೋಲ್ಡರ್ ತೆರೆದು ನಾರ್ಮಲ್ಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರೀಡ್-ಓನ್ಲಿ ಟಿಕ್ ಇದ್ಯಾ ನೋಡಿ. ಬಾಕ್ಸ್ ಬರ್ಬಾರ್ದು ಅಂತ ಯಾರೋ ಹಿಂದೆ ಹಾಕಿರ್ತಾರೆ. ಅದು ಕೆಟ್ಟ ಸಲಹೆ, ಒಂದು ಬಾಕ್ಸ್ ತಪ್ಪಿಸೋಕೆ ಹೋಗಿ ಅದಕ್ಕಿಂತ ಗೊಂದಲದ ಬಾಕ್ಸ್ ತಂದ್ಕೊಳ್ಳೋದು. ವರ್ಡ್ ಪೂರ್ತಿ ಮುಚ್ಚಿದ್ರೂ ಅಲ್ಲಿ ~$ ಅಂತ ಶುರುವಾಗೋ ಹೆಸರಿನ ಪುಟ್ಟ ಫೈಲ್ ಉಳಿದಿದ್ರೆ ಅದು ಹಿಂದೆ ಕರೆಂಟ್ ಹೋದಾಗ್ಲೋ ಕ್ರ್ಯಾಶ್ ಆದಾಗ್ಲೋ ಉಳ್ಕೊಂಡ ಬೀಗ, ಅಳಿಸಬಹುದು. ಹಿಡನ್ ಫೈಲ್ ತೋರಿಸು ಅಂತ ಮಾಡಿದ್ರೆ ಮಾತ್ರ ಕಾಣುತ್ತೆ. ಎಕ್ಸ್‌ಪ್ಲೋರರಲ್ಲಿ ಪ್ರಿವ್ಯೂ ಪೇನ್ ಆನ್ ಇದ್ರೆ ಅದೂ ಹಿಂದೆ ವರ್ಡನ್ನ ಎಬ್ಬಿಸಿರುತ್ತೆ, ಆಫ್ ಮಾಡಿ ನೋಡಿ.

ಆ್ಯಡ್-ಇನ್ನೆಲ್ಲಾ ತೆಗೆದ್ರೂ ನಿಲ್ತಿಲ್ಲ

ಈಗ ನಾರ್ಮಲ್ಲೇ ಕೆಟ್ಟಿದ್ಯಾ ನೋಡ್ಬೇಕು. ವರ್ಡ್ ಪೂರ್ತಿ ಮುಚ್ಚಿ, ಟೆಂಪ್ಲೇಟ್ಸ್ ಫೋಲ್ಡರಲ್ಲಿ ಅದರ ಹೆಸರನ್ನ ಹಳೇನಾರ್ಮಲ್.ಡಾಟ್‌ಎಂ ಅಂತ ಏನಾದ್ರೂ ಬದಲಾಯಿಸಿ, ಮತ್ತೆ ವರ್ಡ್ ತೆಗೀರಿ. ಹಳೇದು ಸಿಗ್ದೇ ಇದ್ದಾಗ ವರ್ಡ್ ತಾನೇ ಹೊಸದು ಮಾಡ್ಕೊಳ್ಳುತ್ತೆ. ತೊಂದ್ರೆ ಹೋದ್ರೆ ಹಳೇ ಫೈಲಲ್ಲೇ ಏನೋ ಇತ್ತು ಅಂತಾಯ್ತು.

ಅಳಿಸ್ದೆ ಹೆಸರು ಮಾತ್ರ ಬದಲಾಯಿಸಿ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಸಬ್‌ರಿಜಿಸ್ಟ್ರಾರ್ ಆಫೀಸ್ ಎದುರಿನ ಒಂದು ಟೈಪಿಂಗ್ ಅಂಗಡೀಲಿ ಹೀಗೇ ಬಾಕ್ಸ್ ಬರ್ತಿತ್ತು. ಅಲ್ಲಿನ ಹುಡುಗ "ಅಣ್ಣ, ಯೆಸ್ ಒತ್ಲಾ ನೋ ಒತ್ಲಾ" ಅಂತ ಗಿರಾಕಿ ಮುಂದೆನೇ ದಿನಾ ಕೇಳೋನು. ರಿಪೇರಿಗೆ ಬಂದವರು ನಾರ್ಮಲ್ಲನ್ನ ಶಿಫ್ಟ್ ಡಿಲೀಟ್ ಮಾಡಿ ಆಯ್ತು ನೋಡಿ ಅಂತ ಹೋದ್ರು. ಬಾಕ್ಸ್ ನಿಂತಿದ್ದು ನಿಜ. ಮಾರನೇ ದಿನ ಕ್ರಯಪತ್ರ ಟೈಪ್ ಮಾಡೋಕೆ ಕೂತು, ಚೆಬ ಅಂತ ಹೊಡೆದು ಎಫ್3 ಒತ್ತಿದ್ರೆ ಬರ್ತಿದ್ದ ಚೆಕ್ಕುಬಂದಿ ಒಕ್ಕಣೆ, ಪೂರ್ವಕ್ಕೆ ಪಶ್ಚಿಮಕ್ಕೆ ಉತ್ತರಕ್ಕೆ ದಕ್ಷಿಣಕ್ಕೆ ಅನ್ನೋ ನಾಲ್ಕು ಸಾಲು, ಬರ್ಲಿಲ್ಲ. ಸಾಕ್ಷಿದಾರರ ಒಕ್ಕಣೆ, ಜಿಪಿಎ ಒಕ್ಕಣೆ, ವರ್ಷಗಟ್ಲೆ ಕೂಡಿಟ್ಟ ಆಟೋಟೆಕ್ಸ್ಟ್ ಎಲ್ಲಾ ಆ ಒಂದು ಫೈಲಲ್ಲಿತ್ತು. ಹೆಸರು ಬದಲಾಯಿಸಿ ಇಟ್ಟಿದ್ರೆ ಇವತ್ತಿಗೂ ಇರ್ತಿತ್ತು.

ಹಳೇದನ್ನ ಇಟ್ಕೊಂಡಿದ್ರೆ ವಾಪಸ್ ತರೋದು ಕಷ್ಟ ಅಲ್ಲ. ಸ್ಟೈಲು ಮತ್ತೆ ಮ್ಯಾಕ್ರೋಗೆ ಆಲ್ಟ್ ಎಫ್8 ಒತ್ತಿ ಆರ್ಗನೈಸರ್ ತೆಗೀರಿ, ಒಂದು ಕಡೆ ಹೊಸ ನಾರ್ಮಲ್ಲು, ಇನ್ನೊಂದು ಕಡೆ ಹಳೇ ಫೈಲ್ ತೆರೆದು ಬೇಕಾದ್ದನ್ನ ಕಾಪಿ ಮಾಡಿ. ಆಟೋಟೆಕ್ಸ್ಟು ಆರ್ಗನೈಸರಲ್ಲಿ ಕಾಣಲ್ಲ, 2007ರಿಂದ ಆ ಜಾಗ ತೆಗೆದ್ಬಿಟ್ಟಿದ್ದಾರೆ. ಅದಕ್ಕೆ ಹಳೇ ಫೈಲನ್ನೇ ಮೇಲೆ ಹೇಳಿದ ವರ್ಡ್ ಸ್ಟಾರ್ಟಪ್ ಫೋಲ್ಡರಿಗೆ ಹಾಕಿದ್ರೆ ಒಕ್ಕಣೆಗಳೆಲ್ಲಾ ಮೊದಲಿನ ಹಾಗೇ ಸಿಗ್ತವೆ. ಆದ್ರೆ ಹಾಕೋ ಮುಂಚೆ ಒಳಗೆ ಏನಿದೆ ಅಂತ ಕೆಳಗಿನ ಭಾಗ ಓದಿ ಪರೀಕ್ಷೆ ಮಾಡಿ, ಇಲ್ಲಾಂದ್ರೆ ರೋಗನೂ ವಾಪಸ್ ಬರುತ್ತೆ. ಇನ್ನೊಂದು, ಟೆಂಪ್ಲೇಟ್ ಫೈಲಿಗೆ ಡಬಲ್ ಕ್ಲಿಕ್ ಮಾಡಿದ್ರೆ ಅದು ತೆರೆಯಲ್ಲ, ಅದರ ನಕಲಿನ ಹಾಗೆ ಹೊಸ ಡಾಕ್ಯುಮೆಂಟ್ ಬರುತ್ತೆ. ಫೈಲನ್ನೇ ತೆರೀಬೇಕು ಅಂದ್ರೆ ರೈಟ್ ಕ್ಲಿಕ್ ಮಾಡಿ ಓಪನ್ ಅನ್ನಿ.

ನಾವು ಹಾಕದ ಮ್ಯಾಕ್ರೋ ಕಾಣ್ತಿದೆ

ಆಲ್ಟ್ ಎಫ್11 ಒತ್ತಿ ಎಡಗಡೆ ನಾರ್ಮಲ್ ಅನ್ನೋದನ್ನ ಬಿಡಿಸಿ ನೋಡಿ. ದಿಸ್‌ಡಾಕ್ಯುಮೆಂಟ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಹೆಚ್ಚಿನವರದ್ದು ಖಾಲಿ ಇರ್ಬೇಕು. ಮಾಡ್ಯೂಲ್ಸ್ ಇದ್ರೆ ಅದ್ರಲ್ಲಿ ನೀವು ರೆಕಾರ್ಡ್ ಮಾಡಿದ್ದು ಮಾತ್ರ ಇರ್ಬೇಕು. ಆಟೋಎಕ್ಸೆಕ್, ಆಟೋಓಪನ್, ಆಟೋಕ್ಲೋಸ್, ಆಟೋಎಕ್ಸಿಟ್ ಅಂತ ಹೆಸರಿರೋದು ತಾನಾಗೇ ಓಡೋ ಮ್ಯಾಕ್ರೋ. ಆಫೀಸಲ್ಲಿ ಯಾರಾದ್ರೂ ಬೇಕು ಅಂತಲೇ ಹಾಕಿರಬಹುದು, ಕೇಳಿ. ಯಾರೂ ಹಾಕಿಲ್ಲ, ಅರ್ಥ ಆಗದ ಅಕ್ಷರದ ರಾಶಿ ಇದೆ ಅಂದ್ರೆ ಇಲ್ಲಿಗೆ ನಿಲ್ಲಿಸಿ, ಓಡಿಸಿ ನೋಡೋಕೆ ಹೋಗ್ಬೇಡಿ.

ಇದು ಸುಮ್ನೆ ಹೆದರಿಸೋದಲ್ಲ. 1995ರ ಕಾನ್ಸೆಪ್ಟ್ ವೈರಸ್ ಹರಡಿದ್ದು ಇದೇ ನಾರ್ಮಲ್ ಟೆಂಪ್ಲೇಟಿನ ಮೂಲಕ, ಒಂದು ಫೈಲಿಂದ ಇಲ್ಲಿಗೆ ಬಂದು ಕೂತ್ರೆ ಆಮೇಲೆ ಸೇವ್ ಮಾಡೋ ಫೈಲಿಗೆಲ್ಲಾ ಅಂಟ್ಕೊಳ್ತಿತ್ತು. 1999ರ ಮಾರ್ಚಲ್ಲಿ ಬಂದ ಮೆಲಿಸಾ ಔಟ್‌ಲುಕ್ಕಿನ ಅಡ್ರೆಸ್ ಪಟ್ಟಿಯ ಮೊದಲ 50 ಜನಕ್ಕೆ ತಾನೇ ಮೇಲ್ ಕಳಿಸ್ಕೊಳ್ತಿತ್ತು, ಅದೂ ನಾರ್ಮಲ್ಲಲ್ಲೇ ಮನೆ ಮಾಡಿದ್ದು. ವರ್ಡ್ 97ರಲ್ಲಿ ಅದು ಆಫ್ ಮಾಡ್ತಿದ್ದ ಸೆಟ್ಟಿಂಗುಗಳಲ್ಲಿ ಒಂದು ಯಾವುದು ಗೊತ್ತಾ? ನಾರ್ಮಲ್ ಸೇವ್ ಮಾಡೋ ಮುಂಚೆ ಕೇಳು ಅನ್ನೋ ಇದೇ ಟಿಕ್ಕು. ಈ ಬಾಕ್ಸ್ ಬಂದ್ರೆ ತನ್ನ ಗುಟ್ಟು ರಟ್ಟಾಗುತ್ತೆ ಅಂತ ವೈರಸ್ ಬರೆದವರಿಗೆ ಗೊತ್ತಿತ್ತು.

ಈಗಿನ ವರ್ಡಲ್ಲಿ ಹೊರಗಿಂದ ಬಂದ ಫೈಲಿನ ಮ್ಯಾಕ್ರೋಗೆ ತಡೆ ಇದೆ ನಿಜ. ಆದ್ರೆ ಟ್ರಸ್ಟ್ ಸೆಂಟರಲ್ಲಿ ಟ್ರಸ್ಟೆಡ್ ಲೊಕೇಷನ್ಸ್ ತೆರೆದು ನೋಡಿ, ಟೆಂಪ್ಲೇಟ್ಸ್ ಫೋಲ್ಡರು, ಸ್ಟಾರ್ಟಪ್ ಫೋಲ್ಡರು ಎರಡೂ ಮೊದಲಿಂದಲೇ ನಂಬಿಕಸ್ಥರ ಪಟ್ಟೀಲಿರುತ್ತೆ. ಅಲ್ಲಿ ಸೇರ್ಕೊಂಡ ಮ್ಯಾಕ್ರೋಗೆ ಹಳದಿ ಪಟ್ಟಿಯ ಎಚ್ಚರಿಕೆ ಬರಲ್ಲ, ಸೀದಾ ಓಡುತ್ತೆ.

ಅನುಮಾನ ಬಂದ್ರೆ ನೆಟ್ ಆಫ್ ಮಾಡಿ, ಆ ಮೆಷಿನ್ನಿಂದ ಪೆನ್‌ಡ್ರೈವಿಗೆ ವರ್ಡ್ ಫೈಲ್ ಹಾಕ್ಬೇಡಿ, ಯಾರಿಗೂ ಮೇಲ್ ಮಾಡ್ಬೇಡಿ, ಆ್ಯಂಟಿವೈರಸ್ಸಿನ ಫುಲ್ ಸ್ಕ್ಯಾನ್ ಕೊಡಿ. ವಿಂಡೋಸ್ ಡಿಫೆಂಡರಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತಲೂ ಇದೆ. ಸ್ಕ್ಯಾನಲ್ಲಿ ಏನಾದ್ರೂ ಸಿಕ್ತು ಅಂದ್ರೆ ನಾರ್ಮಲ್ ಒಂದನ್ನ ತೆಗೆದ್ರೆ ಸಾಲಲ್ಲ, ವೈರಸ್ ಅಂಟಿರೋ ಕಡತ ತೆರೆದ ತಕ್ಷಣ ಮತ್ತೆ ಬರಬಹುದು, ತಿಳಿದವರ ಕೈಗೆ ಕೊಡಿ.

ಟಿಕ್ ತೆಗೆಯೋದು ಯಾವಾಗ, ಕೈಬಿಡೋದು ಯಾವಾಗ

ಕಾರಣ ಸಿಕ್ತು, ಆದ್ರೆ ಆ ಆ್ಯಡ್-ಇನ್ ಇಲ್ದೆ ಕೆಲ್ಸ ಆಗಲ್ಲ, ಹೊಸ ವರ್ಷನ್ ಹಾಕಿದ್ರೂ ಅದೇ ಬುದ್ಧಿ. ಆಗ ಟಿಕ್ ತೆಗೀರಿ, ತಪ್ಪಿಲ್ಲ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಕೆಳಗೆ ಸೇವ್ ಅನ್ನೋ ಭಾಗದಲ್ಲಿ ಪ್ರಾಂಪ್ಟ್ ಬಿಫೋರ್ ಸೇವಿಂಗ್ ನಾರ್ಮಲ್ ಟೆಂಪ್ಲೇಟ್. ಟಿಕ್ ಮೊದಲೇ ಇರ್ಲಿಲ್ಲ, ಆದ್ರೂ ಬಾಕ್ಸ್ ಬರ್ತಿದೆ ಅಂದ್ರೆ ಹೆಚ್ಚಾಗಿ ಸೇವ್ ಮಾಡೋಕೆ ಆಗ್ತಿಲ್ಲ ಅಂತ ಅರ್ಥ, ಬೇರೆ ಕಡೆ ತೆರೆದಿದೆ ಅನ್ನೋ ಭಾಗಕ್ಕೆ ಹೋಗಿ. ಟಿಕ್ ತೆಗೆದ ಮೇಲೂ ನಾರ್ಮಲ್ಲಿನ ಒಂದು ಕಾಪಿ ಬೇರೆ ಕಡೆ ಇಡಿ.

ರಿಜಿಸ್ಟ್ರಿ ಎಡಿಟ್ ಮಾಡಿ ವರ್ಡಿನ ಡೇಟಾ ಕೀ ಅಳಿಸಿ ಅನ್ನೋ ಸಲಹೆನೂ ಓಡಾಡ್ತಿದೆ. ಅಲ್ಲಿ ತನಕ ಹೋಗ್ಬೇಕಾದ ಕೇಸ್ ಕಡಿಮೆ. ಹೋಗ್ಲೇಬೇಕು ಅಂದ್ರೆ ಮೊದ್ಲು ಎಕ್ಸ್‌ಪೋರ್ಟ್ ಮಾಡಿಟ್ಟು, ಅಳಿಸೋ ಬದಲು ಹೆಸರು ಬದಲಾಯಿಸಿ.

ಮೆಷಿನ್ನು ಸರ್ಕಾರಿ ಕಚೇರಿದೋ ಕಂಪನಿದೋ ಆಗಿದ್ರೆ ಆ್ಯಡ್-ಇನ್ ಪಟ್ಟಿ ನೋಡೋ ತನಕ ನಿಮ್ಮ ಕೆಲ್ಸ, ಅದರಾಚೆ ಸಿಸ್ಟಮ್ ಅಡ್ಮಿನ್ನಿಗೆ ಬಿಡಿ. ಕಚೇರಿಯ ಲೆಟರ್‌ಹೆಡ್ಡು, ಮ್ಯಾಕ್ರೋ ಎಲ್ಲಾ ನೆಟ್‌ವರ್ಕಿಂದ ಬರೋ ಹಾಗೆ ಇಟ್ಟಿರ್ತಾರೆ, ನೀವು ತೆಗೆದಿದ್ದು ನಾಳೆ ಲಾಗಿನ್ ಆದಾಗ ಮತ್ತೆ ಬಂದು ಕೂರುತ್ತೆ. ಅವ್ರಿಗೆ ಹೇಳೋವಾಗ "ವರ್ಡ್ ಸರಿ ಇಲ್ಲ" ಅನ್ನೋ ಬದಲು, ವರ್ಡ್ ತೆರೆದ ತಕ್ಷಣವೇ ಫಾಲ್ಸ್ ಬರ್ತಿದೆ, ಇಂಥಾ ಆ್ಯಡ್-ಇನ್ ತೆಗೆದ್ರೆ ಟ್ರೂ ಬರ್ತಿದೆ ಅನ್ನಿ, ಅರ್ಧ ಕೆಲ್ಸ ಮುಗಿದಿರುತ್ತೆ.

ಮ್ಯಾಕ್ ಇಟ್ಕೊಂಡಿರೋರಿಗೂ ದಾರಿ ಇದೇ. ಟಿಕ್ ಇರೋದು ವರ್ಡ್ ಮೆನುವಿನ ಪ್ರಿಫರೆನ್ಸಸ್ ಒಳಗೆ ಸೇವ್ ಅನ್ನೋದ್ರಲ್ಲಿ, ಆ್ಯಡ್-ಇನ್ ಪಟ್ಟಿ ಟೂಲ್ಸ್ ಮೆನುವಿನ ಟೆಂಪ್ಲೇಟ್ಸ್ ಆ್ಯಂಡ್ ಆ್ಯಡ್-ಇನ್ಸಲ್ಲಿ. ನಾರ್ಮಲ್ ಫೈಲು ಲೈಬ್ರರಿ ಫೋಲ್ಡರಿನ ಗ್ರೂಪ್ ಕಂಟೇನರ್ಸ್ ಒಳಗೆ, ಆಫೀಸ್ ಅಂತ ಕೊನೆಯಾಗೋ ಫೋಲ್ಡರಲ್ಲಿ, ಯೂಸರ್ ಕಂಟೆಂಟ್, ಟೆಂಪ್ಲೇಟ್ಸ್ ಅನ್ನೋ ಕಡೆ ಇರುತ್ತೆ. ಲೈಬ್ರರಿ ಫೋಲ್ಡರ್ ಸಾಮಾನ್ಯವಾಗಿ ಬಚ್ಚಿಟ್ಟಿರುತ್ತೆ, ಫೈಂಡರಲ್ಲಿ ಆಪ್ಷನ್ ಕೀ ಹಿಡ್ಕೊಂಡು ಗೋ ಮೆನು ತೆಗೆದ್ರೆ ಕಾಣುತ್ತೆ.